ಕೊಳೆಗೇರಿಯ ಕ್ಷಯಕ್ಕೆ ಮಾತ್ರೆಯೂ ಬೇಕು, ಅನ್ನವೂ ಬೇಕು

ಅಡಿಕೆ ಸಸಿ ನೆಡುವಾಗ ನಾವು ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 9 ಅಡಿ ಅಂತರ ಬಿಡುತ್ತೇವೆ. ಈ ಲೆಕ್ಕದಲ್ಲಿ ಒಂದು ಎಕರೆಗೆ ಸುಮಾರು 540 ಗಿಡ ಹಿಡಿಯುತ್ತದೆ. ಆಸೆಗೆ ಬಿದ್ದು ಇನ್ನೂ ಹತ್ತಿರ ನೆಟ್ಟರೆ ಏನಾಗುತ್ತದೆಂದು ಯಾವ ಕೃಷಿಕನಿಗೂ ಹೇಳಿಕೊಡಬೇಕಾಗಿಲ್ಲ. ಬಿಸಿಲು ಒಳಗೆ ಬೀಳುವುದಿಲ್ಲ, ಗಾಳಿ ಆಡುವುದಿಲ್ಲ, ಆಟಿ ತಿಂಗಳ ಮಳೆಗೆ ಕೊಳೆರೋಗ ಒಂದು ಗೊನೆಯಿಂದ ಇನ್ನೊಂದು ಗೊನೆಗೆ ಹಬ್ಬುತ್ತದೆ.

ಮುಂಬಯಿಯ ಧಾರಾವಿ ಎಂಬ ಕೊಳೆಗೇರಿಯ ಹೆಸರನ್ನು ಕೇಳದವರಿಲ್ಲ. ಅದರ ಒಟ್ಟು ವಿಸ್ತೀರ್ಣ ಸುಮಾರು 600 ಎಕರೆ. ಅಲ್ಲಿ ವಾಸಿಸುವವರು 6 ಲಕ್ಷದಿಂದ 10 ಲಕ್ಷದವರೆಗೆ ಇರಬಹುದೆಂದು ಬೇರೆ ಬೇರೆ ಅಂದಾಜುಗಳಿವೆ. ಕಡಿಮೆ ಅಂದಾಜನ್ನೇ ಹಿಡಿದರೂ ಎಕರೆಗೆ 1000 ಮಂದಿ. ಒಂದು ಅಡಿಕೆ ಮರಕ್ಕೆ ನಾವು ಕೊಡುವ ಜಾಗದಲ್ಲಿ ಅಲ್ಲಿ ಇಬ್ಬರು ಮನುಷ್ಯರು ಉಸಿರಾಡುತ್ತಾರೆ, ಅಡುಗೆ ಮಾಡುತ್ತಾರೆ, ಮಲಗುತ್ತಾರೆ. ಇದು ಧಾರಾವಿಯೊಂದರ ಕತೆಯಲ್ಲ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಜನರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಕೊಳೆಗೇರಿಗಳಲ್ಲೇ ಇದ್ದರು.

ತೋಟದಲ್ಲಿ ದಟ್ಟಣೆಯಿಂದ ಕೊಳೆರೋಗ ಬರುವಂತೆ ಈ ಕೇರಿಗಳಲ್ಲಿ ದಟ್ಟಣೆಯಿಂದ ಹಬ್ಬುವ ರೋಗಗಳು ಹಲವು. ಅವುಗಳಲ್ಲಿ ಹಳೆಯದು, ಮೊಂಡಾದದ್ದು ಕ್ಷಯ. ಈ ಸಂಚಿಕೆಯಲ್ಲಿ ಅದರ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ರೋಗವನ್ನು ತಡೆಯುವುದರಲ್ಲಿ ಡಾಕ್ಟರರ ಪಾಲು ಎಷ್ಟಿದೆಯೋ, ಹಳ್ಳಿಯಲ್ಲಿ ಗದ್ದೆ ತೋಟ ಇರುವ ಮನೆಯವರ ಪಾಲೂ ಅಷ್ಟೇ ಇದೆ.

ನಮ್ಮೂರಿಗೂ ಮುಂಬಯಿಗೂ ಇರುವ ನಂಟು

ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮ ಕಡೆ ಮುಂಬಯಿಗೆ ಯಾರನ್ನೂ ಕಳುಹಿಸದ ಮನೆ ಸಿಗುವುದು ಕಷ್ಟ. ಹಿಂದಿನ ತಲೆಮಾರಿನ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಹೋಟೆಲಿನ ಬೆಂಚಿನ ಮೇಲೆಯೇ ಮಲಗಿ ಊರಿಗೆ ಮನಿಯಾರ್ಡರ್ ಕಳುಹಿಸಿದವರು. ಆ ಹಣದಿಂದ ಹಂಚಿನ ಮಾಡು ಕಂಡ ಮನೆಗಳು ಎಷ್ಟೋ ಇವೆ. ಹಾಗೆ ಹೋದವರಲ್ಲಿ ಕೆಲವರು ಕೆಮ್ಮಿಕೊಂಡು, ಸೊರಗಿಕೊಂಡು ತಿರುಗಿ ಬಂದ ಸುದ್ದಿಯನ್ನೂ ಹಿರಿಯರ ಬಾಯಿಂದ ನೀವು ಕೇಳಿರಬಹುದು. ಇಂದು ಮಕ್ಕಳು ಬೆಂಗಳೂರಿಗೆ, ಗಲ್ಫಿಗೆ ಹೋಗುವುದು ಹೆಚ್ಚು. ಆದರೂ ಊರು ಬಿಟ್ಟ ಬಡ ಹುಡುಗನಿಗೆ ಪಟ್ಟಣದಲ್ಲಿ ಮೊದಲು ಸಿಗುವುದು ಅದೇ ಒಂದು ಕೋಣೆ, ಐದಾರು ಮಂದಿ, ಒಂದು ಸಣ್ಣ ಕಿಟಕಿ.

ಇನ್ನೊಂದು ಕಡೆಯನ್ನೂ ನೋಡಬೇಕು. ನಮ್ಮ ಹುಡುಗರು ಹೊರಗೆ ಹೋದ ಮೇಲೆ ನಮ್ಮ ತೋಟಗಳಿಗೆ ಕೆಲಸಕ್ಕೆ ಬಂದವರು ಉತ್ತರ ಕರ್ನಾಟಕ, ಅಸ್ಸಾಂ, ಬಂಗಾಳ, ಒಡಿಶಾದವರು. ಅವರು ಇರುವ ಕ್ವಾರ್ಟರ್ಸುಗಳ ಒಳಗೆ ಒಮ್ಮೆ ಇಣುಕಿ ನೋಡಿದರೆ ಧಾರಾವಿಯ ಕೋಣೆ ಹೇಗಿರಬಹುದೆಂದು ತಿಳಿಯಲು ಮುಂಬಯಿಗೆ ಹೋಗಬೇಕಾಗಿಲ್ಲ.

ಗಾಳಿಯೇ ದಾರಿ

ಕ್ಷಯ ವಂಶಪಾರಂಪರ್ಯವಾಗಿ ಬರುವುದಲ್ಲ, ಶಾಪದಿಂದ ಬರುವುದೂ ಅಲ್ಲ. ಅದು ಒಂದು ರೋಗಾಣುವಿನಿಂದ ಬರುತ್ತದೆ ಎಂಬುದನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯರು 1882ರ ಮಾರ್ಚ್ 24ರಂದು ಪ್ರಕಟಿಸಿದರು. ಆ ನೆನಪಿಗಾಗಿಯೇ ಮಾರ್ಚ್ 24ನ್ನು ವಿಶ್ವ ಕ್ಷಯ ದಿನವಾಗಿ ಆಚರಿಸುತ್ತಾರೆ.

ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಕಣ್ಣಿಗೆ ಕಾಣದ ಸೂಕ್ಷ್ಮ ಹನಿಗಳು ಹೊರಬರುತ್ತವೆ. ಗಾಳಿ ಆಡದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತಿರುತ್ತವೆ. ಅದೇ ಗಾಳಿಯನ್ನು ಉಸಿರಾಡಿದವರ ಒಳಗೆ ರೋಗಾಣು ಸೇರುತ್ತದೆ. ತೆರೆದ ಜಾಗದಲ್ಲಿ ಗಾಳಿ ಅವುಗಳನ್ನು ಚದುರಿಸುತ್ತದೆ, ಬಿಸಿಲು ಕೊಲ್ಲುತ್ತದೆ. ಒಟ್ಟಿಗೆ ಕುಳಿತು ಉಣ್ಣುವುದರಿಂದ, ಬಟ್ಟಲು ಮುಟ್ಟುವುದರಿಂದ, ಕೈ ಕುಲುಕುವುದರಿಂದ ಕ್ಷಯ ಬರುವುದಿಲ್ಲ. ರೋಗಿಯ ತಟ್ಟೆ ಲೋಟವನ್ನು ಬೇರೆ ಇಡುವ ನಮ್ಮ ಹಳೆಯ ರೂಢಿಯಿಂದ ರೋಗಿಗೆ ನೋವಾಗುವುದೇ ಹೊರತು ಬೇರೆ ಪ್ರಯೋಜನವಿಲ್ಲ. ಕಿಟಕಿ ತೆರೆಯುವುದರಿಂದ ಪ್ರಯೋಜನವಿದೆ.

ರೋಗಾಣು ಒಳಹೊಕ್ಕ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಯಾವಾಗಲಾದರೂ ಅದು ಕಾಣಿಸಿಕೊಳ್ಳುತ್ತದೆ. ಉಳಿದವರಲ್ಲಿ ದೇಹದ ಶಕ್ತಿಯೇ ಅದನ್ನು ಅದುಮಿ ಇಡುತ್ತದೆ. ಆ ಶಕ್ತಿ ಕುಗ್ಗಿದಾಗ ರೋಗ ಎದ್ದು ಬರುತ್ತದೆ. ಅದನ್ನು ಕುಗ್ಗಿಸುವ ಮುಖ್ಯ ಕಾರಣಗಳು ಐದು: ಹೊಟ್ಟೆಗೆ ಸಾಲದಿರುವುದು, ಸಕ್ಕರೆ ಕಾಯಿಲೆ, ಕುಡಿತ, ಬೀಡಿ ಸಿಗರೇಟು, ಎಚ್.ಐ.ವಿ. ನಮ್ಮ ದೇಶದಲ್ಲಿ ಇವುಗಳ ಪೈಕಿ ಮೊದಲನೆಯದೇ ದೊಡ್ಡದು. 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಮಂದಿಗೆ ಹೊಸದಾಗಿ ಕ್ಷಯ ಬಂದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದು ಇಡೀ ಪ್ರಪಂಚದ ಕಾಲು ಭಾಗಕ್ಕಿಂತ ಹೆಚ್ಚು.

ಮನೆ ಬದಲಾಯಿತು, ಗಾಳಿ ಬದಲಾಗಲಿಲ್ಲ

ಕೊಳೆಗೇರಿ ಕೆಡವಿ ಕಟ್ಟಡ ಕಟ್ಟಿಕೊಟ್ಟರೆ ಎಲ್ಲವೂ ಸರಿಹೋಗುತ್ತದೆಯೇ? ಮುಂಬಯಿಯ ಪೂರ್ವಕ್ಕಿರುವ ಗೋವಂಡಿ, ಮಾನ್ಖುರ್ದ್ ಕಡೆಯ ಅನುಭವ ಬೇರೆಯೇ ಪಾಠ ಹೇಳುತ್ತದೆ. ರೈಲು, ರಸ್ತೆ ಯೋಜನೆಗಳಿಗಾಗಿ ಗುಡಿಸಲು ಕಳೆದುಕೊಂಡವರಿಗೆ ಅಲ್ಲಿ ಬಹುಮಹಡಿ ಕಟ್ಟಡಗಳಲ್ಲಿ 225 ಚದರ ಅಡಿಯ ಮನೆಗಳನ್ನು ಕೊಡಲಾಯಿತು. ಕಾಂಕ್ರೀಟಿನ ಗೋಡೆ, ನಳ್ಳಿ, ಕಕ್ಕಸು ಎಲ್ಲವೂ ಬಂತು. ಆದರೆ ನಟವರ್ ಪಾರೇಖ್ ಕಾಂಪೌಂಡ್, ಲಲ್ಲೂಭಾಯಿ ಕಾಂಪೌಂಡ್ ಎಂಬ ಎರಡು ವಸತಿಗಳಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಬಿಟ್ಟ ಅಂತರ ಕೇವಲ 3 ಮೀಟರ್. ಕೆಳಗಿನ ಮಹಡಿಗಳಲ್ಲಿ ಹಗಲಿನಲ್ಲೂ ದೀಪ ಹಾಕಬೇಕು.

ಡಾಕ್ಟರ್ಸ್ ಫಾರ್ ಯೂ ಎಂಬ ಸಂಸ್ಥೆ ಈ ವಸತಿಗಳಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಹೊರಬಂತು. ಆ ಎರಡು ವಸತಿಗಳಲ್ಲಿ ಹತ್ತು ಮನೆಗೆ ಸುಮಾರು ಒಂದರಂತೆ ಕ್ಷಯ ಕಂಡುಬಂದಿತ್ತು. ಹತ್ತಿರದಲ್ಲೇ ಇರುವ, ಕಟ್ಟಡಗಳ ನಡುವೆ ಹೆಚ್ಚು ಅಂತರ ಬಿಟ್ಟು ಕಟ್ಟಿದ ಇನ್ನೊಂದು ವಸತಿಯಲ್ಲಿ ನೂರು ಮನೆಗೆ ಸುಮಾರು ಒಂದೇ. ಜನರು ಒಂದೇ ತರದ ಬಡವರು. ಬೇರೆಯಾಗಿದ್ದುದು ಗಾಳಿ ಬೆಳಕು. ಈಗ ಧಾರಾವಿಯ ಪುನರ್ನಿರ್ಮಾಣದ ಮಾತು ನಡೆಯುತ್ತಿರುವಾಗ ಈ ಪಾಠವನ್ನು ಯೋಜನೆ ಮಾಡುವವರು ಮರೆಯಬಾರದು.

ಮದ್ರಾಸಿನ ಒಂದು ಹಳೆಯ ಪ್ರಯೋಗ

ಒಂದು ಕಾಲದಲ್ಲಿ ಕ್ಷಯ ಎಂದರೆ ಸ್ಯಾನಟೋರಿಯಂ. ಮದನಪಲ್ಲಿಯ ಆರೋಗ್ಯವರದಂತಹ ಕಡೆ ಒಳ್ಳೆಯ ಹವೆ, ಒಳ್ಳೆಯ ಊಟ, ವರ್ಷಗಟ್ಟಲೆ ವಿಶ್ರಾಂತಿ. ಬಡವರಿಗೆ ಅಷ್ಟು ಹಾಸಿಗೆಗಳು ಎಲ್ಲಿಂದ ಬರಬೇಕು? 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯ ಸಂಶೋಧನಾ ಕೇಂದ್ರವು ನಗರದ ಇಕ್ಕಟ್ಟಾದ ಬಡ ಮನೆಗಳ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಟೋರಿಯಂ, ಇನ್ನೊಂದಕ್ಕೆ ಮನೆಯಲ್ಲೇ ಮಾತ್ರೆ. ಎರಡು ಗುಂಪಿನವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದರು. 1959ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಲೋಕದ ವೈದ್ಯರೆಲ್ಲ ಬೆರಗಾದರು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಮನೆಯಲ್ಲಿ ಮದ್ದು ತೆಗೆದುಕೊಂಡ ರೋಗಿಗಳ ಹೆಂಡತಿ ಮಕ್ಕಳಿಗೆ, ಸ್ಯಾನಟೋರಿಯಂಗೆ ಹೋದವರ ಮನೆಯವರಿಗಿಂತ ಹೆಚ್ಚಾಗಿ ರೋಗ ಬರಲಿಲ್ಲ. ಸರಿಯಾದ ಮದ್ದು ಶುರುವಾದ ಮೇಲೆ ರೋಗ ಹರಡುವುದು ಬೇಗ ಕಡಿಮೆಯಾಗುತ್ತದೆ. ಅಪಾಯ ಇರುವುದು ಮದ್ದು ಶುರುವಾಗುವ ಮೊದಲು, ಅಂದರೆ ಕೆಮ್ಮನ್ನು ಸಿರಪ್ಪಿನಿಂದ, ಕಷಾಯದಿಂದ ಮುಂದೂಡುವ ದಿನಗಳಲ್ಲಿ.

ಹಾಗಾಗಿ ರೋಗಿಯನ್ನು ದೂರ ಇಡುವುದಕ್ಕಿಂತ ಬೇಗ ಪತ್ತೆ ಮಾಡುವುದು ಮುಖ್ಯ. ಕೊಳೆಗೇರಿಯಲ್ಲಿ ಅದು ಸಾಧ್ಯವೇ ಎಂದು ಕೇಳಿದರೆ, ಧಾರಾವಿಯೇ ಉತ್ತರ ಕೊಟ್ಟಿದೆ. 2020ರ ಏಪ್ರಿಲ್ 1ರಂದು ಅಲ್ಲಿ ಮೊದಲ ಕೊರೊನಾ ರೋಗಿ ಪತ್ತೆಯಾದಾಗ ಆ ಕೇರಿಯೇ ಉಳಿಯುವುದಿಲ್ಲವೆಂದು ಹಲವರು ಹೆದರಿದ್ದರು. ಆದರೆ ಆರೋಗ್ಯ ಕಾರ್ಯಕರ್ತರು, ಅಲ್ಲಿನ ಡಾಕ್ಟರರು ಮನೆಮನೆಗೆ ಹೋಗಿ, ಜ್ವರದ ಶಿಬಿರ ನಡೆಸಿ, ರೋಗಿಗಳನ್ನು ಬೇಗ ಹುಡುಕಿದರು. ಅದೇ ಜುಲೈ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಧಾರಾವಿಯನ್ನು ಮಾದರಿಯಾಗಿ ಹೆಸರಿಸಿತು. ಆ ಶ್ರಮವನ್ನು ಕ್ಷಯದ ಮೇಲೆ ಹಾಕಿದರೂ ಫಲ ಸಿಗದೆ ಇರದು.

ದೇರಳಕಟ್ಟೆಯ ವೈದ್ಯರು ತೋರಿಸಿದ ದಾರಿ

ಈಗ ಅನ್ನದ ವಿಷಯಕ್ಕೆ ಬರೋಣ. ಕ್ಷಯರೋಗಿ ಚೆನ್ನಾಗಿ ಉಣ್ಣಬೇಕೆಂದು ಅಜ್ಜಿಯಂದಿರೂ ಹೇಳುತ್ತಿದ್ದರು. ಆದರೆ ರೋಗಿಯ ಮನೆಯವರು ಚೆನ್ನಾಗಿ ಉಂಡರೆ ಅವರಿಗೆ ರೋಗ ಬರುವುದೇ ತಪ್ಪುತ್ತದೆಯೇ? ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರು ನಮ್ಮ ಗಡಿಯಿಂದ ಕೂಗಳತೆಯ ದೂರದಲ್ಲಿರುವ ದೇರಳಕಟ್ಟೆಯ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು. ಪ್ರಯೋಗ ನಡೆದದ್ದು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ, 2019ರಿಂದ 2022ರವರೆಗೆ. 2800 ರೋಗಿಗಳು, ಅವರ ಮನೆಯ 10 ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿ ಸೇರಿದ್ದರು. ರೋಗಿಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು.

ರೋಗಿಗೆ ತಿಂಗಳಿಗೆ 10 ಕಿಲೋ ಆಹಾರದ ಕಟ್ಟು: ಅಕ್ಕಿ, ಕಡಲೆ ಹುರಿದ ಹಿಟ್ಟು, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ಒಂದು ಗುಂಪಿನ ಮನೆಗಳಲ್ಲಿ ರೋಗಿಯ ಜೊತೆ ಮನೆಯ ಉಳಿದವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ರೋಗಿಗೆ ಮಾತ್ರ ಕೊಟ್ಟರು. 2023ರ ಆಗಸ್ಟಿನಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯವರಿಗೂ ಆಹಾರ ಸಿಕ್ಕಿದ ಕಡೆ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಗಿತ್ತು. ಬೇರೆಯವರಿಗೆ ಹರಡುವಂತಹ ಶ್ವಾಸಕೋಶದ ಕ್ಷಯ ನೂರಕ್ಕೆ 48ರಷ್ಟು ಕಡಿಮೆ.

ರೋಗಿಗಳಲ್ಲೂ ಒಂದು ಮಾತು ಸ್ಪಷ್ಟವಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. 40 ಕಿಲೋ ತೂಗುವ ಮನುಷ್ಯನಿಗೆ ನೂರಕ್ಕೆ 5 ಎಂದರೆ ಎರಡೇ ಕಿಲೋ. ಎರಡು ಕಿಲೋ ಮಾಂಸ ಮೈಗೆ ಹತ್ತಿದರೆ ಜೀವ ಉಳಿಯುವ ಸಾಧ್ಯತೆ ಅಷ್ಟು ಹೆಚ್ಚುತ್ತದೆ ಎಂದಾಯಿತು.

ಈ ಎರಡು ಕಿಲೋ ಕೊಳೆಗೇರಿಯಲ್ಲಿ ಏರುವುದೇ ಕಷ್ಟ. ದಿನಗೂಲಿಯವನಿಗೆ ಜ್ವರ ಬಂದ ದಿನ ಸಂಬಳವಿಲ್ಲ. ಕೋಣೆಯ ಬಾಡಿಗೆ ನಿಲ್ಲುವುದಿಲ್ಲ. ಎಷ್ಟೋ ಕಡೆ ಕುಡಿಯುವ ನೀರಿಗೂ ಕಾಸು ಕೊಡಬೇಕು. ಕೊನೆಗೆ ಕಡಿತವಾಗುವುದು ಊಟ. ಬೆಳಗ್ಗೆ ಚಾ ಬನ್ನು, ಮಧ್ಯಾಹ್ನ ವಡಾಪಾವ್, ರಾತ್ರಿ ಅನ್ನ ಮತ್ತು ನೀರು ಸಾರು. ಹೊಟ್ಟೆ ತುಂಬಿದಂತಾಗುತ್ತದೆ, ಮೈಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಊರಿನ ರೇಷನ್ ಕಾರ್ಡಿನಲ್ಲಿ ಹೆಸರಿರುವ, ಉಚಿತ ಧಾನ್ಯಕ್ಕೆ ಅರ್ಹರಾದವರು ಈಗ ಮುಂಬಯಿಯ ರೇಷನ್ ಅಂಗಡಿಯಲ್ಲೂ ಆಧಾರ್ ತೋರಿಸಿ ತಮ್ಮ ಪಾಲಿನ ಧಾನ್ಯ ಪಡೆಯಬಹುದು. ಈ ಅನುಕೂಲ 2022ರಿಂದ ದೇಶದ ಎಲ್ಲ ಕಡೆ ಬಂದಿದೆ. ಆದರೆ ಅಲ್ಲಿ ಸಿಗುವುದು ಅಕ್ಕಿ ಗೋಧಿ. ಬೇಳೆಯನ್ನು ಕೊಂಡೇ ಉಣ್ಣಬೇಕು.

ಹತ್ತು ಸೆಂಟ್ಸ್ ಹುರುಳಿಯ ಲೆಕ್ಕ

ಓದುಗ ಕೃಷಿಕ ಬಂಧುಗಳೇ, ಇಲ್ಲಿಯೇ ನಮ್ಮ ಗದ್ದೆಯ ಮಾತು ಬರುತ್ತದೆ. ಬೆಟ್ಟು ಗದ್ದೆಯಲ್ಲಿ ಏಣಿಲು ಬೆಳೆ ಕೊಯ್ದ ಮೇಲೆ ನಮ್ಮ ಹಿರಿಯರು ಹುರುಳಿ ಬಿತ್ತುತ್ತಿದ್ದರು. ಮಜಲಿನಲ್ಲಿ ಉದ್ದು, ಹೆಸರು, ಅಲಸಂಡೆ ಹಾಕುತ್ತಿದ್ದರು. ಇಂದು ಎಷ್ಟೋ ಗದ್ದೆಗಳು ಅಡಿಕೆ ತೋಟವಾಗಿವೆ, ಉಳಿದವು ಹಡಿಲು ಬಿದ್ದಿವೆ. ಅಡಿಕೆಯಿಂದ ಹಣ ಬರುತ್ತದೆ ನಿಜ, ಆದರೆ ಅದನ್ನು ಬೇಯಿಸಿ ಉಣ್ಣಲಾಗದು.

ಹುರುಳಿಗೆ ನೀರು ಹಾಯಿಸಬೇಕಾಗಿಲ್ಲ, ಗೊಬ್ಬರದ ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿನಲ್ಲಿ ಉಳಿದ ತೇವವೇ ಸಾಕು. ಹತ್ತು ಸೆಂಟ್ಸ್ ಜಾಗಕ್ಕೆ ಒಂದು ಕಿಲೋ ಬೀಜ ಸಾಕಾಗುತ್ತದೆ. ಮೂರು ಮೂರೂವರೆ ತಿಂಗಳಲ್ಲಿ ಬೆಳೆ ಕೈಗೆ ಬರುತ್ತದೆ. ಎಕರೆಗೆ ಎರಡು ಕ್ವಿಂಟಾಲ್ ಎಂಬ ಸಾಧಾರಣ ಇಳುವರಿಯನ್ನೇ ಹಿಡಿದರೂ ಹತ್ತು ಸೆಂಟ್ಸಿನಲ್ಲಿ 20 ಕಿಲೋ. ಜಾರ್ಖಂಡಿನಲ್ಲಿ ಮನೆಯವರಿಗೆ ಕೊಟ್ಟ ಲೆಕ್ಕದಲ್ಲಿ ಒಬ್ಬರಿಗೆ ತಿಂಗಳಿಗೆ ಒಂದೂವರೆ ಕಿಲೋ, ಆರು ತಿಂಗಳಿಗೆ 9 ಕಿಲೋ. ಅಂದರೆ ಹತ್ತು ಸೆಂಟ್ಸ್ ಗದ್ದೆಯ ಹುರುಳಿ ಇಬ್ಬರಿಗೆ ಆರು ತಿಂಗಳು ಸಾಕು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮಾಂಸ ಮೀನಿಗೆ ಅದು ಸೋಲುವುದಿಲ್ಲ.

ಹುರುಳಿಯೆಂದರೆ ಎತ್ತಿನ ಆಹಾರವೆಂದು ಮೂಗು ಮುರಿಯಬೇಡಿ. ಮೊಳಕೆ ಬರಿಸಿ ಪಲ್ಯ ಮಾಡಿ, ಬೇಯಿಸಿದ ಕಟ್ಟಿನಿಂದ ಸಾರು ಮಾಡಿ. ಹುರಿದು, ಸಿಪ್ಪೆ ಹಾರಿಸಿ, ಒಣಮೆಣಸು ಬೆಳ್ಳುಳ್ಳಿ ಸೇರಿಸಿ ಚಟ್ನಿಪುಡಿ ಮಾಡಿದರೆ ಮುಂಬಯಿ ಬೆಂಗಳೂರಿಗೆ ಹೋಗುವವರ ಚೀಲದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹುಡುಗ ಪಟ್ಟಣಕ್ಕೆ ಹೊರಟಾಗ ಹಪ್ಪಳ ಉಪ್ಪಿನಕಾಯಿ ಕಟ್ಟಿಕೊಡುವ ಅಮ್ಮಂದಿರು ಅದರ ಜೊತೆ ಎರಡು ಕಿಲೋ ಹುರಿದ ಹುರುಳಿಹಿಟ್ಟು, ಒಂದು ಕಿಲೋ ನೆಲಗಡಲೆ, ಸ್ವಲ್ಪ ಒಣಮೀನು ಇಡಲಿ. ಮನೆಯಲ್ಲೇ ಇರುವ ರೋಗಿಗೆ ದಿನಕ್ಕೆ ಒಂದೆರಡು ಊರಿನ ಕೋಳಿಮೊಟ್ಟೆ, ಕುದಿಸಿದ ಹಾಲು, ನುಗ್ಗೆಸೊಪ್ಪು, ಬಸಳೆ, ಹಲಸಿನ ಬೀಜ, ಸಿಕ್ಕಿದ ದಿನ ಬೂತಾಯಿ ಬಂಗುಡೆ. ಟಾನಿಕ್ ಬಾಟಲಿಗೆ ಸುರಿಯುವ ಹಣ ಇದಕ್ಕೆ ಸಾಕು.

ಆದರೆ ಒಂದು ಎಚ್ಚರಿಕೆ. ಆಹಾರ ಮಾತ್ರೆಗೆ ಬದಲಿಯಲ್ಲ. ಎಷ್ಟು ಉಂಡರೂ ಮಾತ್ರೆಯಿಲ್ಲದೆ ಕ್ಷಯ ವಾಸಿಯಾಗದು.

ದಾರಿಯಲ್ಲಿ ಕಡಿದು ಹೋಗುವ ಮದ್ದು

ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಮುಂಬಯಿಯಲ್ಲಿ ಕೆಲಸ, ಆರು ಮಂದಿಯ ಜೊತೆ ಕೋಣೆ. ಜೂನ್ ತಿಂಗಳಲ್ಲಿ ಕ್ಷಯವೆಂದು ತಿಳಿಯಿತು, ಮುನಿಸಿಪಾಲಿಟಿಯ ದವಾಖಾನೆಯಲ್ಲಿ ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಜ್ವರ ಬಿಟ್ಟಿತು, ಕೆಮ್ಮು ನಿಂತಿತು. ಸೆಪ್ಟೆಂಬರಿನ ತೆನೆ ಹಬ್ಬಕ್ಕೆಂದು ಊರಿಗೆ ಬಂದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತಂದ ಮಾತ್ರೆ ಹದಿನೈದು ದಿನಕ್ಕೆ ಮುಗಿಯಿತು. ಮೈ ಚೆನ್ನಾಗಿದೆಯಲ್ಲ, ಸಾಕು ಎಂದುಕೊಂಡ. ತಂಗಿಗೆ ಗಂಡು ನೋಡುತ್ತಿದ್ದಾರೆ, ಸುದ್ದಿ ಹೊರಗೆ ಬೀಳಬಾರದು ಎಂಬುದೂ ಮನಸ್ಸಿನಲ್ಲಿತ್ತು. ಡಿಸೆಂಬರಿನಲ್ಲಿ ಮತ್ತೆ ಕೆಮ್ಮು.

ಇಂತಹ ಕತೆ ಎಲ್ಲಿ ಬೇಕಾದರೂ ನಡೆಯಬಹುದು. ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಒಮ್ಮೆ ಸಿಂಪಡಿಸಿ, ನಲವತ್ತೈದು ದಿನ ಕಳೆದು ಎರಡನೆಯ ಸಲ ಸಿಂಪಡಿಸದೆ ಬಿಟ್ಟ ತೋಟದಂತೆ. ಕ್ಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಅರ್ಧ ಮದ್ದಿಗೆ ಸಾಯದೆ ಉಳಿದ ರೋಗಾಣುಗಳು ಆ ಮದ್ದಿಗೆ ಜಗ್ಗದಂತಾಗುತ್ತವೆ. ಅವನಿಂದ ಬೇರೆಯವರಿಗೆ ಹರಡುವುದೂ ಆ ಜಗ್ಗದ ರೋಗವೇ. ಇಂತಹ ಮೊಂಡು ಕ್ಷಯ ಮುಂಬಯಿಯಲ್ಲಿ ದೊಡ್ಡ ತಲೆನೋವಾಗಿದೆ. ಅದಕ್ಕೆ ಹಿಂದೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಠಿಣ ಮದ್ದು ಬೇಕಾಗುತ್ತಿತ್ತು. ನಾಲ್ಕು ಔಷಧಗಳ ಆರು ತಿಂಗಳ ಹೊಸ ಕ್ರಮಕ್ಕೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೂ ಮೊದಲ ಸಲವೇ ಪೂರ್ತಿ ಮಾಡುವುದಕ್ಕೆ ಸಮನಾದುದಿಲ್ಲ.

ಆ ಯುವಕ ತಿಳಿದಿರಬೇಕಾಗಿದ್ದುದು ಇಷ್ಟೇ. ಮದ್ದು ಶುರುವಾದಾಗ ಪ್ರತಿಯೊಬ್ಬ ರೋಗಿಯ ಹೆಸರು ನಿಕ್ಷಯ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಸೇರುತ್ತದೆ, ಅವನಿಗೊಂದು ನಂಬರು ಸಿಗುತ್ತದೆ. ಆ ನಂಬರಿನೊಂದಿಗೆ ನಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋದರೆ ಮುಂಬಯಿಯಲ್ಲಿ ನಿಂತ ಮಾತ್ರೆ ಇಲ್ಲಿ ಮುಂದುವರಿಯುತ್ತದೆ. ಒಂದು ಪೈಸೆ ಕೊಡಬೇಕಾಗಿಲ್ಲ. ಊರಿಗೆ ಹೊರಡುವ ಮೊದಲೇ ಅಲ್ಲಿನ ದವಾಖಾನೆಗೆ ತಿಳಿಸಿದರೆ ಇನ್ನೂ ಸುಲಭ.

ಓದುಗರಿಗೆ ಬರಬಹುದಾದ ಕೆಲವು ಪ್ರಶ್ನೆಗಳು

ಯಾವಾಗ ಪರೀಕ್ಷೆ ಮಾಡಿಸಬೇಕು?
ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆಯ ಹೊತ್ತಿಗೆ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಕಫದಲ್ಲಿ ರಕ್ತ – ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಬೆಂಗಳೂರಿನಲ್ಲಿ ರೂಪುಗೊಂಡು ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಎಂಬ ಯಂತ್ರ ಈಗ ಹಲವು ಕಡೆ ಇದೆ. ಅದು ಕೆಲವೇ ಗಂಟೆಗಳಲ್ಲಿ ರೋಗವಿದೆಯೇ, ಮುಖ್ಯ ಮದ್ದಿಗೆ ಜಗ್ಗುತ್ತದೆಯೇ ಎಂಬುದನ್ನು ಹೇಳುತ್ತದೆ.

ಮದ್ದು ಎಷ್ಟು ಕಾಲ?
ಸಾಧಾರಣ ಕ್ಷಯಕ್ಕೆ ಆರು ತಿಂಗಳು, ದಿನಾಲೂ, ತೂಕಕ್ಕೆ ತಕ್ಕಷ್ಟು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮದ್ದಿನ ಬಣ್ಣ. ಆದರೆ ಕಣ್ಣು ಹಳದಿಯಾದರೆ, ನಿಲ್ಲದ ವಾಂತಿಯಾದರೆ, ದೃಷ್ಟಿ ಮಂಜಾದರೆ ಕೂಡಲೇ ಡಾಕ್ಟರರಿಗೆ ತೋರಿಸಬೇಕು. ಮದ್ದಿನ ಕಾಲದಲ್ಲಿ ಸಾರಾಯಿ ಮುಟ್ಟಲೇಬಾರದು, ಎರಡೂ ಸೇರಿ ಲಿವರನ್ನು ಕೆಡಿಸುತ್ತವೆ.

ಮನೆಯ ಉಳಿದವರು ಏನು ಮಾಡಬೇಕು?
ಎಲ್ಲರೂ ಪರೀಕ್ಷೆ ಮಾಡಿಸಬೇಕು. ರೋಗವಿಲ್ಲವೆಂದು ಖಚಿತವಾದ ಮೇಲೆ, ಮುಂದೆ ಬರದಂತೆ ತಡೆಯುವ ಮಾತ್ರೆ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇದು ಬಹಳ ಮುಖ್ಯ. ಹುಟ್ಟಿದಾಗ ಹಾಕುವ ಬಿ.ಸಿ.ಜಿ. ಚುಚ್ಚುಮದ್ದು ಮಕ್ಕಳನ್ನು ಮೆದುಳಿನ ಕ್ಷಯದಂತಹ ಕ್ರೂರ ರೂಪಗಳಿಂದ ಕಾಪಾಡುತ್ತದೆ. ಆದರೆ ದೊಡ್ಡವರಾದ ಮೇಲೆ ಅದರ ರಕ್ಷಣೆ ಸಾಲದು.

ಸರ್ಕಾರದಿಂದ ಏನಾದರೂ ಸಹಾಯ ಇದೆಯೇ?
ಪೌಷ್ಟಿಕ ಆಹಾರಕ್ಕಾಗಿ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ 2018ರಲ್ಲಿ ಬಂತು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಿದ್ದಾರೆ. ಖಾತೆಯ ವಿವರ ಕೊಡದೆ ಇದನ್ನು ಕಳೆದುಕೊಳ್ಳುವವರಿದ್ದಾರೆ, ಕೇಳಿ ಪಡೆಯಿರಿ. ಮಾಹಿತಿಗೆ 1800 11 6666 ಎಂಬ ನಂಬರಿಗೆ ಉಚಿತವಾಗಿ ಫೋನ್ ಮಾಡಬಹುದು.

ಗಲ್ಫಿಗೆ ಹೋಗಲಿಕ್ಕಿದೆ, ಮುಚ್ಚಿಡಬಹುದೇ?
ಗಲ್ಫ್ ವೀಸಾದ ವೈದ್ಯಕೀಯ ಪರೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ಇದೆ ಎಂಬ ಭಯಕ್ಕೆ ಕೆಮ್ಮನ್ನು ಮುಚ್ಚಿಡುವವರಿದ್ದಾರೆ. ತಡವಾದಷ್ಟೂ ಶ್ವಾಸಕೋಶದಲ್ಲಿ ಕಲೆ ಹೆಚ್ಚು ಉಳಿಯುತ್ತದೆ. ಬೇಗ ಮದ್ದು ಮಾಡಿಸಿಕೊಳ್ಳುವುದೇ ಜಾಣತನ.

ನಮ್ಮ ಅಂಗಳದಿಂದಲೇ ಆರಂಭ

ಪಟ್ಟಣದ ಕೊಳೆಗೇರಿಯಲ್ಲಿ ಕಿಟಕಿ ಕೊರೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ತೋಟದ ಕೆಲಸಗಾರರಿಗೆ ಕೊಡುವ ಕೋಣೆಗೆ ಎದುರುಬದುರಾಗಿ ಎರಡು ಕಿಟಕಿ ಇಡುವುದು ನಮ್ಮ ಕೈಯಲ್ಲಿದೆ. ಶೀಟಿನ ಶೆಡ್ಡಿನಲ್ಲಿ ಹತ್ತು ಮಂದಿಯನ್ನು ತುಂಬದೆ ಇರುವುದು, ಅವರಲ್ಲಿ ಯಾರಾದರೂ ವಾರಗಟ್ಟಲೆ ಕೆಮ್ಮುತ್ತಿದ್ದರೆ ಕೆಲಸದಿಂದ ಕಳಿಸಿಬಿಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ನಮ್ಮ ಕೈಯಲ್ಲಿದೆ. ಕಳಿಸಿಬಿಟ್ಟರೆ ಅವನು ಇನ್ನೊಂದು ಕ್ವಾರ್ಟರ್ಸಿಗೆ ಹೋಗಿ ಅಲ್ಲಿಯೂ ಕೆಮ್ಮುತ್ತಾನೆ, ಅಷ್ಟೆ.

2022ರ ಸೆಪ್ಟೆಂಬರಿನಲ್ಲಿ ಆರಂಭವಾದ ನಿಕ್ಷಯ ಮಿತ್ರ ಎಂಬ ಯೋಜನೆಯಲ್ಲಿ ಯಾವ ವ್ಯಕ್ತಿಯಾದರೂ, ಸಂಘವಾದರೂ ಒಬ್ಬ ಕ್ಷಯರೋಗಿಗೆ ಆರು ತಿಂಗಳ ಆಹಾರದ ಹೊಣೆ ಹೊರಬಹುದು. ಮುಂದೆ ಮನೆಯವರನ್ನೂ ಇದರಲ್ಲಿ ಸೇರಿಸಿದ್ದಾರೆ. ಒಂದು ವಾಳೆಯ ಹತ್ತು ಮನೆಯವರು ಸೇರಿ, ಒಬ್ಬರು ಅಕ್ಕಿ, ಒಬ್ಬರು ಹುರುಳಿ, ಒಬ್ಬರು ತೆಂಗಿನೆಣ್ಣೆ, ಒಬ್ಬರು ಮೊಟ್ಟೆ ಎಂದು ಹಂಚಿಕೊಂಡರೆ ಯಾರಿಗೂ ಭಾರವಾಗದು. ವಾಳೆಯ ಗುರಿಕಾರರು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಇದನ್ನು ಶುರುಮಾಡಬಹುದು. ರೋಗಿಯ ಹೆಸರನ್ನು ಊರಿಡೀ ಸಾರದೆ, ಕಟ್ಟನ್ನು ಸದ್ದಿಲ್ಲದೆ ತಲುಪಿಸಬೇಕು ಎಂಬುದೊಂದೇ ಷರತ್ತು.

ಹಬ್ಬಕ್ಕೆ, ಮದುವೆಗೆ ಪಟ್ಟಣದಿಂದ ಮಕ್ಕಳು ಬರುತ್ತಾರೆ. ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಕೋಣೆಯಲ್ಲಿ ಎಷ್ಟು ಮಂದಿ ಇದ್ದೀರಿ, ಕಿಟಕಿ ಇದೆಯೇ, ಮಧ್ಯಾಹ್ನ ಏನು ಉಣ್ಣುತ್ತಿ, ತೂಕ ಯಾಕೆ ಇಳಿದಿದೆ ಎಂದು ಕೇಳುವವರು ಕಡಿಮೆ. ಈ ಸಲ ಅದನ್ನು ಕೇಳಿರಿ. ಉತ್ತರ ಸರಿಯಿಲ್ಲವೆಂದು ಕಂಡರೆ ಬೈಯದೆ, ಮರುದಿನ ಬೆಳಗ್ಗೆ ಜೊತೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿರಿ. ಕಾರ್ತೆಲ್ ಮಳೆ ಬರುವ ಮೊದಲು ತೋಟಕ್ಕೆ ಮದ್ದು ಬಿಡಲು ಓಡಾಡುವ ನಮಗೆ ಮನೆಯ ಮಗನಿಗಾಗಿ ಇಷ್ಟು ಓಡಾಡುವುದು ಕಷ್ಟವಲ್ಲ.